ಭದ್ರೆಯ ಹಿನ್ನೀರಿನಿಂದ ಎದ್ದ ವಿಮಾನ

ನೌಕಾದಳದಲ್ಲಿದ್ದಷ್ಟು ವರ್ಷವೂ ನನ್ನದು ವಿಮಾನದ ಎಂಜಿನ್ ನೋಡಿಕೊಳ್ಳುವ ಕೆಲಸ. ಕೊಚ್ಚಿಯಲ್ಲಿ, ಗೋವೆಯಲ್ಲಿ, ಕೆಲಕಾಲ ಹಡಗಿನ ಮೇಲೂ ಅದೇ. ಸರಿಪಡಿಸಿ ಕಳಿಸಿದ ವಿಮಾನ ತಿರುಗಿ ಬಂದು ಇಳಿಯುವವರೆಗೆ ಕತ್ತೆತ್ತಿ ಕಾಯುತ್ತಿದ್ದೆವು. ಹಾರಿಸುವವರು ಬೇರೆಯವರು. ಅದಕ್ಕಾಗಿ ನಾನು ಹೊಟ್ಟೆ ಉರಿಸಿಕೊಂಡದ್ದೂ ಇಲ್ಲ. ನಿವೃತ್ತನಾಗಿ ಬಂದು ಕೊಪ್ಪದಲ್ಲಿ ಪಂಪ್‌ಸೆಟ್ಟು, ಕಳೆ ಕೊಚ್ಚುವ ಮೆಶಿನ್ನುಗಳನ್ನು ರಿಪೇರಿ ಮಾಡುವ ಅಂಗಡಿ ಹಾಕಿದೆ. ಗ್ರೀಸಿನ ವಾಸನೆ ಎಲ್ಲಿದ್ದರೂ ಒಂದೇ.

ವಿಮಾನ ಹಾರಿಸುವ ಹುಚ್ಚು ಹತ್ತಿಸಿದವರು ಶೃಂಗೇರಿಯ ಭಾವ, ಅಂದರೆ ನನ್ನ ಅಕ್ಕನ ಗಂಡ. ಸಂಸ್ಕೃತ ಪಾಠ ಹೇಳಿ ನಿವೃತ್ತರಾದವರು. ಹೊತ್ತು ಕಳೆಯಲು ಮೊಬೈಲಿನಲ್ಲಿ ಪ್ರಪಂಚವನ್ನೆಲ್ಲ ತಡಕುತ್ತಾರೆ. ಒಂದು ದಿನ ಅಂಗಡಿಗೆ ಬಂದವರೇ ಫೋನನ್ನು ನನ್ನ ಮೂಗಿನ ಹತ್ತಿರ ಹಿಡಿದರು.

"ಇಲ್ಲಿ ನೋಡು ಮಾರಾಯ. ಇದು ವಿಮಾನವೋ ದೋಣಿಯೋ?"

ಎರಡು ಮಹಾಯುದ್ಧಗಳ ನಡುವಿನ ಕಾಲದ ಕಪ್ಪು ಬಿಳುಪು ಚಿತ್ರ. ತೆಳ್ಳನೆ ಮೈಯ ವಿಮಾನ. ಚಕ್ರ ಇರಬೇಕಾದಲ್ಲಿ ಪುಟ್ಟ ದೋಣಿಗಳಂಥ ಎರಡು ತೇಲುಗಾಲು. ಹಿಂದೆ ಕಡಲತೀರದ ತುಂಬ ಟೋಪಿ ಹಾಕಿದ ಜನ. ತರಬೇತಿಯ ದಿನಗಳಲ್ಲಿ ನಮ್ಮ ಹಿರಿಯರೊಬ್ಬರು ಇಂಥ ವಿಮಾನಗಳ ವೇಗದ ಪಂದ್ಯಗಳ ಕಥೆ ಹೇಳುತ್ತಿದ್ದರು. ಅಷ್ಟು ವೇಗದ ವಿಮಾನಕ್ಕೆ ಸಾಕಾಗುವ ಉದ್ದದ ರನ್‌ವೇ ಆಗ ಇರಲಿಲ್ಲ, ಆದ್ದರಿಂದ ಸಮುದ್ರವನ್ನೇ ರನ್‌ವೇ ಮಾಡಿಕೊಂಡರು. ಸೇನೆಯ ಪೈಲಟ್‌ಗಳು ಗುರುತಿನ ಕಂಬಗಳನ್ನು ಸುತ್ತಿ ಪೈಪೋಟಿ ನಡೆಸುತ್ತಿದ್ದರು. ಇದನ್ನೆಲ್ಲ ಹೇಳುವಷ್ಟರಲ್ಲಿ ಭಾವ ನನ್ನ ಸ್ಟೂಲಿನ ಮೇಲೆ ಕೂತಾಗಿತ್ತು.

"ಹಂಗಾರೆ ಒಂದು ಮಾಡೇಬಿಡನ. ಸಣ್ಣದು, ಆಟದ್ದು. ಹಾರಬೇಕು ಮಾತ್ರ."

ಮನೆಯ ಜಗಲಿಯಲ್ಲಿ ಕೆಲಸ ಶುರುವಾಯಿತು. ಮೈಗೆ, ರೆಕ್ಕೆಗೆ ಥರ್ಮಾಕೋಲಿನಂಥ ಹಗುರ ಹಾಳೆ. ತೇಲುಗಾಲಿಗೆ ಹಾಲವಾಣದ ಮರ. ಅದು ಒಣಗಿದರೆ ಕೈಯಲ್ಲಿ ತೂಕವೇ ತಿಳಿಯುವುದಿಲ್ಲ. ಮೋಟರು, ಬ್ಯಾಟರಿ, ರಿಮೋಟು ಪಾರ್ಸೆಲ್‌ನಲ್ಲಿ ಬಂದವು. ಭಾವನ ಕೆಲಸ ಮರಳು ಕಾಗದದಿಂದ ತಿಕ್ಕುವುದು. ಪಂಚೆಯ ಮೇಲೆಲ್ಲ ಹೊಟ್ಟು ಉದುರಿಸಿಕೊಂಡು ಯಾವುದೋ ಶ್ಲೋಕ ಗುನುಗುತ್ತ ತಿಕ್ಕುತ್ತಿದ್ದರು.

ಹಾರಿಸುವುದನ್ನು ಕಲಿಯಲು ಕಂಪ್ಯೂಟರಿನಲ್ಲಿ ಒಂದು ಆಟ ಹಾಕಿಕೊಂಡೆವು. ನಾನು ಹಾರಿಸಿದ್ದೆಲ್ಲ ನೆಲಕ್ಕೆ ಬಿತ್ತು. ಭಾವನದು ನೆಲ ಬಿಟ್ಟು ಏಳಲೇ ಇಲ್ಲ. ನನ್ನ ಹೆಂಡತಿ ಬಟ್ಟೆ ಮಡಚುತ್ತ ನೋಡುತ್ತಿದ್ದಳು.

"ಅದನ್ನ ಎಂತಕ್ಕೆ ಹಂಗೆ ಒತ್ತಿ ಹಿಡೀತೀರಿ? ಹಗೂರ ಹಿಡೀರಿ. ಕೊಡಿ ಇಲ್ಲಿ."

ಹೈಸ್ಕೂಲಿನಲ್ಲಿ ಬಾಲ್ ಬ್ಯಾಡ್ಮಿಂಟನ್ ಆಡಿ ತಾಲೂಕು ಮಟ್ಟದಲ್ಲಿ ಗೆದ್ದು ಬಂದ ಕೈ ಅವಳದು. ಒಂದು ವಾರದಲ್ಲಿ ಪರದೆಯ ಮೇಲೆ ವಿಮಾನವನ್ನು ಬೇಕಾದಂತೆ ಕುಣಿಸತೊಡಗಿದಳು. ಅಲ್ಲಿಗೆ ಪೈಲಟ್ ಯಾರೆಂಬುದು ತೀರ್ಮಾನವಾಯಿತು. ನಾನು ಮೆಕ್ಯಾನಿಕ್. ಭಾವ ತಮ್ಮನ್ನು ತಾವೇ ಕಮಾಂಡರ್ ಎಂದು ಕರೆದುಕೊಂಡರು.

ಮಳೆ ಮುಗಿದ ಮೇಲಿನ ಒಂದು ಭಾನುವಾರ ಬೆಳಿಗ್ಗೆ ಜೀಪಿನಲ್ಲಿ ನರಸಿಂಹರಾಜಪುರದ ಕಡೆ ಹೊರಟೆವು. ತುಂಗೆ ಹರಿಯುವ ಹೊಳೆ, ನಮಗೆ ನಿಂತ ನೀರು ಬೇಕಿತ್ತು. ಭದ್ರೆಯ ಹಿನ್ನೀರು ಅಂದು ಕನ್ನಡಿಯ ಹಾಗೆ ಮಲಗಿತ್ತು. ದಡದಿಂದ ಸ್ವಲ್ಪ ದೂರದಲ್ಲಿ ಮುಳುಗಿದ ಬೋಳು ಮರವೊಂದು ಒಂದೆರಡು ಒಣಕೊಂಬೆ ಚಾಚಿ ನಿಂತಿತ್ತು. ಅದೇ ನಮ್ಮ ಪಂದ್ಯದ ಕಂಬ.

ವಿಮಾನವನ್ನು ನೀರಿಗೆ ಬಿಟ್ಟೆ. ಹೆಂಡತಿ ರಿಮೋಟಿನ ಕಡ್ಡಿಯನ್ನು ಮುಂದಕ್ಕೆ ತಳ್ಳಿದಳು. ಮೋಟರು ಕಿರುಚಿತು, ವಿಮಾನ ನೀರು ಸೀಳಿಕೊಂಡು ಓಡಿತು, ಓಡುತ್ತಲೇ ಇತ್ತು. ಮೇಲೇಳಲಿಲ್ಲ. ಮತ್ತೊಮ್ಮೆ ಬಿಟ್ಟರೂ ಅದೇ ಕತೆ.

"ಇದು ದೋಣಿಯೇ ಮಾರಾಯ," ಎಂದು ಭಾವ ಕಲ್ಲಿನ ಮೇಲೆ ಕೂತುಬಿಟ್ಟರು. ಅವರ ಮುಖ ನೋಡಿ ನನಗೂ ಬೇಜಾರಾಯಿತು.

ಆಗ ನೆನಪಾಯಿತು. ತೀರ ನಯವಾದ ನೀರು ತೇಲುಗಾಲನ್ನು ಅಂಟಿಸಿಕೊಂಡು ಮೇಲೇಳಗೊಡುವುದಿಲ್ಲ, ಸ್ವಲ್ಪ ಅಲೆ ಇದ್ದರೆ ತಳಕ್ಕೆ ಗಾಳಿ ಸೇರಿ ಬೇಗ ಏಳುತ್ತದೆ ಎಂದು ತರಬೇತಿಯ ದಿನಗಳ ಆ ಹಿರಿಯರು ಹೇಳುತ್ತಿದ್ದರು. ದಡದಲ್ಲಿ ಮೀನಿನ ಬಲೆ ಬಿಡಿಸುತ್ತಿದ್ದ ಒಬ್ಬರಿಗೆ ವಿಷಯ ಹೇಳಿ, ಒಂದಿಷ್ಟು ಅಲೆ ಎಬ್ಬಿಸಿಕೊಡಿ ಎಂದು ಕೇಳಿದೆ. ಅವರು ನಕ್ಕು ತಮ್ಮ ಬುಟ್ಟಿಯಂಥ ದುಂಡನೆಯ ತೆಪ್ಪವನ್ನು ನೀರಿಗೆ ತಳ್ಳಿದರು. ಭಾವ ಪಂಚೆ ಎತ್ತಿ ಕಟ್ಟಿ ತಾವೂ ಹತ್ತಿದರು.

"ಭಾವ, ನಿಮಗೆ ಈಜು ಬರೂದಿಲ್ಲ!" ಎಂದು ನಾನು ಕೂಗಿದೆ.

"ನೀನು ನೌಕಾದಳದವನಲ್ಲನ? ಬಿದ್ದರೆ ಎತ್ತು!"

ತೆಪ್ಪ ಗಿರಗಿರನೆ ಸುತ್ತಿತು. ಭಾವ ಒಂದು ಕೈಯಲ್ಲಿ ಅಂಚು ಹಿಡಿದು ಇನ್ನೊಂದು ಕೈಯಲ್ಲಿ ಹುಟ್ಟಿನಿಂದ ನೀರನ್ನು ಬಡಿದೇ ಬಡಿದರು. ಸಣ್ಣ ಅಲೆಗಳು ದಡದ ಕಡೆ ಬಂದವು. ತೆಪ್ಪ ಪಕ್ಕಕ್ಕೆ ಸರಿದದ್ದೇ ಹೆಂಡತಿ ಮತ್ತೆ ಕಡ್ಡಿ ತಳ್ಳಿದಳು. ವಿಮಾನ ಅಲೆಯ ಮೇಲೆ ಟಪಟಪನೆ ಕುಪ್ಪಳಿಸಿತು, ನೀರಿನಿಂದ ಕಿತ್ತುಕೊಂಡಿತು, ಎದ್ದಿತು. ತೇಲುಗಾಲಿನಿಂದ ಹನಿಗಳು ಬಿಸಿಲಿನಲ್ಲಿ ಉದುರಿದವು.

ಬೋಳು ಮರವನ್ನು ಒಮ್ಮೆ ಸುತ್ತಿಸಿದಳು, ಮತ್ತೆ ಸುತ್ತಿಸಿದಳು. ತುಟಿ ಬಿಗಿಹಿಡಿದು ನಿಂತಿದ್ದ ಅವಳ ಕಣ್ಣು ಮಾತ್ರ ಆಕಾಶದಲ್ಲಿ ಓಡುತ್ತಿತ್ತು. ನಾನು ಕೊಚ್ಚಿಯಲ್ಲಿ ನಿಲ್ಲುತ್ತಿದ್ದ ಹಾಗೆಯೇ ಕತ್ತೆತ್ತಿ ನಿಂತಿದ್ದೆ.

"ತಗಳಿ, ಈಗ ನೀವು," ಎಂದು ರಿಮೋಟು ಚಾಚಿದಳು.

"ಬೇಡ ಮಾರಾಯ್ತಿ, ಬೀಳಿಸಿಬಿಡ್ತೀನಿ."

"ಬಿದ್ದರೆ ನೀರಿಗೆ ತಾನೇ? ಹಿಡೀರಿ."

ಹಿಡಿದೆ. ಅವಳ ಕೈ ನನ್ನ ಕೈಯ ಕೆಳಗೇ ಇತ್ತು. ನೇರವಾಗಿ ಸ್ವಲ್ಪ ದೂರ ಹೋಯಿತು, ಎಡಕ್ಕೆ ವಾಲಿಸಿದೆ, ವಾಲಿತು. ನಾನು ಹೇಳಿದ್ದನ್ನು ವಿಮಾನ ಕೇಳುತ್ತಿತ್ತು. ಇಳಿಸುವ ಧೈರ್ಯ ಬರಲಿಲ್ಲ, ಅವಳಿಗೇ ಕೊಟ್ಟೆ. ಬಾತುಕೋಳಿಯ ಹಾಗೆ ನೀರಿಗೆ ತಂದು ಕೂರಿಸಿದಳು. ತೆಪ್ಪದಲ್ಲಿದ್ದ ಭಾವ ಎದ್ದು ನಿಂತು ಚಪ್ಪಾಳೆ ತಟ್ಟಲು ಹೋದಾಗ ತೆಪ್ಪದವರು ಅವರ ಪಂಚೆ ಹಿಡಿದು ಎಳೆದು ಕೂರಿಸಬೇಕಾಯಿತು.

ದಡದಲ್ಲೇ ಕೂತು, ಹಲಸಿನೆಲೆಯ ದೊನ್ನೆಯಲ್ಲಿ ಬೇಯಿಸಿ ತಂದಿದ್ದ ಕೊಟ್ಟೆ ಕಡುಬು ತಿಂದೆವು, ತೆಪ್ಪದವರೂ ಸೇರಿದರು. ಭಾವ ತಮ್ಮದೇ ಒಂದು ವಿಮಾನ ಬೇಕೆಂದು ಅಲ್ಲಿಯೇ ಹಟ ಹಿಡಿದರು. ಅದು ಈಗ ಸಿದ್ಧವಾಗಿದೆ, ಮೈಗೆ ಕಾವಿ ಬಣ್ಣ. ಕಳೆದ ತಿಂಗಳು ಪಂದ್ಯವೂ ನಡೆಯಿತು. ಅವರ ವಿಮಾನ ಅದೇ ಬೋಳು ಮರದ ಕೊಂಬೆಗೆ ಸಿಕ್ಕಿಕೊಂಡು ಮಧ್ಯಾಹ್ನದವರೆಗೆ ಅಲ್ಲೇ ನೇತಾಡಿತು. ಅಕ್ಕನಿಗೆ ಫೋನ್ ಮಾಡಿ ಅವರು ಹೇಳಿದ್ದು ಮಾತ್ರ ಹೀಗೆ: "ಎರಡನೇ ಸ್ಥಾನ ಬಂತು ಮಾರಾಯ್ತಿ."