ಕುಂಕುಮದ ಕೆಳಗಿನ ಅಂಕೆ

ಕಂಪ್ಲಿಯ ಅಕ್ಕನ ಮನೆಯಲ್ಲಿ ಹಳೆಯ ಕಂಪ್ಯೂಟರ್ ಒಂದಿದೆ. ಹಳದಿಗಟ್ಟಿದ ಪೆಟ್ಟಿಗೆ, ಫ್ಲಾಪಿ ತೂರಿಸುವ ಸೀಳು, ಡುಬ್ಬು ಬೆನ್ನಿನ ಪರದೆ. ಅವ್ವನನ್ನು ಎದುರಿಗೆ ಕೂರಿಸಿಕೊಂಡು, ಅವಳು ಬೀಸುವಾಗ ಹಾಡುತ್ತಿದ್ದ ಪದಗಳನ್ನೆಲ್ಲ ಅಕ್ಕ ಅದರಲ್ಲಿ ಟೈಪ್ ಮಾಡಿದ್ದಳು. ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ. ಅವ್ವ ಈಗಿಲ್ಲ. ಆ ಪದಗಳು ಬೇರೆಲ್ಲೂ ಇರಲಿಲ್ಲ.

ಹೋದ ವರ್ಷ ಅಕ್ಕ ಫೋನ್ ಮಾಡಿ, ಕಂಪ್ಯೂಟರ್ ಚಾಲೂ ಆಗುತ್ತಿಲ್ಲ ಎಂದಳು. ಭಾನುವಾರ ಹೊಸಪೇಟೆಯಿಂದ ಬೆಳಗಿನ ಬಸ್ಸಿಗೆ ಹೋದೆ.

ಸ್ವಿಚ್ ಒತ್ತಿದೆ. ಫ್ಯಾನ್ ತಿರುಗಿತು. ಹಾರ್ಡ್ ಡಿಸ್ಕ್ ಇಲ್ಲ ಎಂಬ ಸಾಲು ಪರದೆಗೆ ಬಂದು ನಿಂತಿತು. ಒಳಗಿನ ಚಿಕ್ಕ ಬ್ಯಾಟರಿ ಸತ್ತರೆ ಇಂಥ ಯಂತ್ರ ತನ್ನ ಡಿಸ್ಕಿನ ಅಳತೆಗಳನ್ನು ಮರೆಯುತ್ತದೆ. ಹೊಸ ಬ್ಯಾಟರಿ ಹಾಕಿ, ಡಿಸ್ಕಿಗೆ ಅಂಟಿಸಿದ ಚೀಟಿಯಲ್ಲಿರುವ ಮೂರು ಸಂಖ್ಯೆಗಳನ್ನು ಮತ್ತೆ ತುಂಬಿದರೆ ಸಾಕು. ಬ್ಯಾಟರಿ ನನ್ನ ಜೇಬಿನಲ್ಲೇ ಇತ್ತು.

ಮುಚ್ಚಳ ತೆಗೆದೆ. ಚೀಟಿ ಸರಿಯಾಗಿ ಕಾಣಲಿಲ್ಲ. ಅರಿಶಿನ, ಕುಂಕುಮ, ವಿಭೂತಿ ಅದರ ಮೇಲೆ ಪದರಪದರವಾಗಿ ಗಟ್ಟಿಯಾಗಿದ್ದವು.

“ಯಕ್ಕಾ, ಇದೇನು?”

“ಆಯುಧ ಪೂಜಿದು. ವರ್ಷಾ ವರ್ಷಾ ಹಚ್ಚತೀನಿ.”

“ಮುಚ್ಚಳ ತಗದು?”

“ಮತ್ತ? ಕೆಲಸ ಮಾಡದು ಒಳಗಿಂದು. ಹೊರಗಿನ ತಗಡಿಗೆ ಹಚ್ಚಿದ್ರ ಏನು ಬಂತು?”

ಮುಟ್ಟುವ ಮೊದಲು ಕಂಡಷ್ಟನ್ನು ಬರೆದುಕೋ. ವರದಿಗಾರನಾಗಿ ನಾನು ಕಲಿತ ಮೊದಲ ಪಾಠ ಅದು. ಅಂದು ಬರೆದುಕೊಳ್ಳಲಿಲ್ಲ. ಒದ್ದೆ ಬಟ್ಟೆಯಿಂದ ಜೋರಾಗಿ ಉಜ್ಜಿದೆ. ಎರಡು ಸಂಖ್ಯೆ ಉಳಿದವು. ಮೂರನೆಯದು ಕುಂಕುಮದ ಜೊತೆ ಬಟ್ಟೆಗೆ ಬಂತು.

ಅಕ್ಕ ಬಟ್ಟೆ ನೋಡಿದಳು. “ಪೇಪರ್‌ನಾಗ ಊರ ಮಂದಿ ತಪ್ಪೆಲ್ಲ ಬರೀತಿ. ನಿಂದು ಯಾರು ಬರೀಬೇಕಲೇ?”

ಇಂಥ ಡಿಸ್ಕುಗಳಲ್ಲಿ ಆ ಮೂರನೆಯ ಸಂಖ್ಯೆ ಹದಿನಾರನ್ನು ದಾಟುವುದಿಲ್ಲ ಎಂಬುದೊಂದೇ ಆಧಾರ. ಹೊಸ ಬ್ಯಾಟರಿ ಹಾಕಿ, ಒಂದರಿಂದ ಶುರು ಮಾಡಿದೆ. ತುಂಬುವುದು, ಆರಿಸುವುದು, ಹಚ್ಚುವುದು, ಕಾಯುವುದು. ಒಂಬತ್ತನ್ನು ತುಂಬಿದಾಗ ಕರೆಂಟ್ ಹೋಯಿತು. ಬರುವ ಹೊತ್ತಿಗೆ ಊಟದ ವೇಳೆ ದಾಟಿತ್ತು. ಹದಿನಾರೂ ಮುಗಿದವು. ಅದೇ ಸಾಲು.

ಅಕ್ಕ ರೊಟ್ಟಿಯ ತಾಟು ತಂದು ಪಕ್ಕಕ್ಕಿಟ್ಟಳು. ಅವಳು ಬೈದಿದ್ದರೆ ವಾಸಿಯಿತ್ತು.

ಮತ್ತೆ ಮುಚ್ಚಳ ತೆಗೆದಾಗ, ಡಿಸ್ಕಿಗೆ ಜೋಡಿಸಿದ ಪಟ್ಟಿಯಂಥ ವೈರ್ ಅರ್ಧ ಕಳಚಿರುವುದು ಕಂಡಿತು. ಉಜ್ಜುವಾಗ ನನ್ನ ಕೈಯೇ ತಾಗಿತ್ತು. ಹದಿನಾರು ಸಲ ನಾನು ಕೇಳಿದ್ದು ಕಿವಿಯೇ ಇಲ್ಲದ ಯಂತ್ರವನ್ನು. ವೈರ್ ಒತ್ತಿ ಕೂರಿಸಿ, ಮತ್ತೆ ಒಂದರಿಂದ ಹೊರಟೆ.

ಹದಿನಾಲ್ಕಕ್ಕೆ ಡಿಸ್ಕ್ ಗರಗರ ಎಂದಿತು. ಕಡತಗಳ ಪಟ್ಟಿ ಬಂತು.

ಪೆನ್‌ಡ್ರೈವ್ ಚುಚ್ಚಲು ಅದರಲ್ಲಿ ಜಾಗವಿಲ್ಲ, ಪ್ರಿಂಟರ್ ಇಲ್ಲ. ಕರೆಂಟಿನ ಭರವಸೆಯಂತೂ ಇರಲಿಲ್ಲ. ನೋಟ್‌ಬುಕ್ ತೆಗೆದೆ. ಅಕ್ಕ ಓದಿದಳು, ನಾನು ಬರೆದೆ. ಎರಡನೆಯ ಪದಕ್ಕೇ ಅವಳ ಓದು ರಾಗಕ್ಕೆ ತಿರುಗಿತು. ಬರೆಯುವ ಕೈ ಹಿಂದೆ ಬಿತ್ತು.

“ಯಕ್ಕಾ, ಸುಮ್ನ ಓದು.”

“ಓದಾಕ ಬರಂಗಿಲ್ಲಲೇ. ಅವ್ವ ಹೇಳಿದ್ದ ಹಂಗ.”

ಒಂದೊಂದು ಸಾಲನ್ನೂ ಎರಡೆರಡು ಸಲ ಹಾಡಿಸಿಕೊಂಡು ಬರೆದೆ. ಹೊಸಪೇಟೆಯ ಕೊನೆಯ ಬಸ್ಸು ಹೋದಾಗ ಇನ್ನೂ ಹನ್ನೊಂದು ಪದ ಉಳಿದಿದ್ದವು. ಯಂತ್ರ ಆರಿಸುವ ಧೈರ್ಯ ಇಬ್ಬರಿಗೂ ಇರಲಿಲ್ಲ.