ಕಬ್ಬಿಣದ ತೊಟ್ಟಿಯ ಮುಂದಿನ ಅಕ್ಕ

ಮೊನ್ನೆ ನಂಜನಗೂಡಿನ ಬಸ್ಸಿನಲ್ಲಿ ಪಕ್ಕಕ್ಕೆ ಬಂದು ಕೂತ ಹೆಂಗಸಿನ ಸೆರಗಿನಿಂದ ನೀಲಗಿರಿ ಎಣ್ಣೆಯ ವಾಸನೆ ಬಂತು. ನಾನು ಎದ್ದು ಬಾಗಿಲ ಹತ್ತಿರ ಹೋಗಿ ನಿಂತೆ. ಕಡಕೊಳದ ಕಾರ್ಖಾನೆಯಲ್ಲಿ ನನ್ನ ಪಕ್ಕದಲ್ಲಿ ದುಡಿಯುತ್ತಿದ್ದ ಅಕ್ಕ ದಿನಾ ಬೆಳಗ್ಗೆ ಸೊಂಟಕ್ಕೆ ಅದನ್ನೇ ತಿಕ್ಕಿಕೊಂಡು ಬರುತ್ತಿದ್ದರು...

ಆಗ ನನಗೆ ಇಪ್ಪತ್ತು. ಪೆಟ್ಟಿಗೆಗಳಿಗೆ ಚೀಟಿ ಅಂಟಿಸುವುದು ನನ್ನ ಕೆಲಸ. ಆ ಪೆಟ್ಟಿಗೆಗಳನ್ನು ಎತ್ತಿಕೊಡುವುದು ಅಕ್ಕನದು. ಎದೆಮಟ್ಟದ ಕಬ್ಬಿಣದ ತೊಟ್ಟಿ. ಅದರ ಅಂಚಿನ ಮೇಲೆ ಬಗ್ಗಿ, ತಳದಲ್ಲಿರುವ ಪೆಟ್ಟಿಗೆಯನ್ನು ಚಾಚಿದ ಕೈಯಲ್ಲೇ ಎತ್ತಿ, ನಡುವನ್ನು ತಿರುಚಿ, ಪಕ್ಕದ ಮೇಜಿನ ಮೇಲೆ ಇಡಬೇಕು. ದಿನವಿಡೀ ಅದೇ.

"ಮಗೀನ ದೂರ ಹಿಡ್ಕಂಡು ಯಾರಾದ್ರೂ ಎತ್ತಾರೇನವ್ವ? ಎದೆಗವುಚ್ಕಂಡು ಎತ್ಬೇಕು. ಈ ತೊಟ್ಟಿ ಅದ್ಕೆ ಬುಡಲ್ಲ" ಎನ್ನುತ್ತಿದ್ದರು ಅಕ್ಕ.

ತೊಟ್ಟಿಯ ಒಂದು ಪಕ್ಕವನ್ನು ಕತ್ತರಿಸಿ ಬಾಗಿಲಿನಂತೆ ಮಾಡಿಕೊಡಿ ಎಂದು ಅವರು ಮ್ಯಾನೇಜರನ್ನು ಮೂರು ಸಲ ಕೇಳಿದರು. ಮೂರನೆಯ ಸಲ ಆತ ನಮ್ಮೆಲ್ಲರ ಮುಂದೆ ನಕ್ಕ. "ತೊಟ್ಟಿ ಕುಯ್ಯೋದಕ್ಕಿಂತ ಹೆಂಗಸನ್ನ ಬದಲಾಯಿಸೋದು ಸುಲಭ ಕಣಮ್ಮ."

ಅದಾದ ತಿಂಗಳಲ್ಲೇ ಅಕ್ಕ ಬಗ್ಗಿದವರು ಮೇಲೇಳಲಿಲ್ಲ. ಕಿರುಚಲೂ ಇಲ್ಲ. ತೊಟ್ಟಿಯ ಅಂಚನ್ನು ಹಿಡಿದು, ಕಾಲು ಜೋಮು ಹಿಡಿಯಿತು ಎಂದಷ್ಟೇ ಅಂದರು. ಬೆನ್ನುಮೂಳೆಯ ನಡುವಿನ ಡಿಸ್ಕ್ ಜಾರಿ ನರವನ್ನು ಒತ್ತಿತ್ತು. ಮಾರನೆಯ ದಿನ ಮ್ಯಾನೇಜರ್ ನನ್ನನ್ನು ಕರೆದು ಒಂದು ಕಾಗದ ಮುಂದಿಟ್ಟ. ಅಕ್ಕ ಮನೆಯಲ್ಲಿ ಜಾರಿಬಿದ್ದು ನೋವು ಮಾಡಿಕೊಂಡಿದ್ದರು, ಅದನ್ನು ನನಗೆ ಹೇಳಿದ್ದರು ಎಂದು ಬರೆದಿತ್ತು. ಕೆಲಸ ಹೋಗುತ್ತದೆಂದು ಹೆದರಿ ಸಹಿ ಹಾಕಿದೆ. ಅಕ್ಕನಿಗೆ ಪರಿಹಾರವೂ ಇಲ್ಲ, ಕೆಲಸವೂ ಇಲ್ಲ.

ಆಮೇಲೆ ನಾನು ಹಟ ಹಿಡಿದು ಕೈಗಾರಿಕಾ ಸುರಕ್ಷತೆಯ ಡಿಪ್ಲೊಮಾ ಓದಿದೆ. ಭಾರ ಮೈಯಿಂದ ದೂರವಾದಷ್ಟೂ ಸೊಂಟದ ಕೆಳಗಿನ ಡಿಸ್ಕಿನ ಮೇಲೆ ಒತ್ತಡ ಹೇಗೆ ಏರುತ್ತದೆಂದು ಮೇಷ್ಟ್ರು ಹಲಗೆಯ ಮೇಲೆ ಬರೆದ ದಿನ ನನಗೆ ಕಂಡದ್ದು ಅಕ್ಕನ ಬೆನ್ನು. ಓದಿದ್ದು ಸೇಡಿಗೇ. ಅದನ್ನು ಮುಚ್ಚಿಟ್ಟು ಏನು ಪ್ರಯೋಜನ?

ಹೋದ ವರ್ಷ ಸುರಕ್ಷತಾ ಅಧಿಕಾರಿಯಾಗಿ ಅದೇ ಕಾರ್ಖಾನೆಗೆ ತಪಾಸಣೆಗೆ ಹೋದೆ. ಅದೇ ತೊಟ್ಟಿ, ಅದೇ ಮ್ಯಾನೇಜರ್. ಆತನಿಗೆ ನನ್ನ ಗುರುತು ಸಿಗಲಿಲ್ಲ. "ಸರ್, ಹತ್ತು ಪೆಟ್ಟಿಗೆ ನೀವೇ ಎತ್ತಿ ತೋರಿಸ್ತೀರಾ? ವಿಡಿಯೋ ಬೇಕು" ಎಂದೆ. ಕೆಲಸಗಾರರೆಲ್ಲ ನೋಡುತ್ತಿದ್ದರು. ಆತ ಬೀಗುತ್ತಲೇ ಅಂಗಿಯ ತೋಳು ಮಡಚಿದ. ನಾಲ್ಕನೆಯದಕ್ಕೆ ಉಸಿರು ಏರಿತು. ನಿಲ್ಲಿಸಿ ಎನ್ನುವುದು ನನ್ನ ಕೆಲಸವಾಗಿತ್ತು. ಮಾತು ನಾಲಿಗೆಯ ತುದಿಗೆ ಬಂತು, ನುಂಗಿದೆ. ಆರನೆಯದಕ್ಕೆ ಸೊಂಟ ತಿರುಗಿಸಿದವನು ಹಾಗೇ ನಿಂತ. ಮುಖ ಬಿಳಿಚಿತು.

"ಇನ್ನೂ ನಾಲ್ಕಿದೆ ಸರ್" ಎಂದೆ. ಅಷ್ಟು ಸವಿಯಾದ ಮಾತನ್ನು ನಾನು ಜೀವನದಲ್ಲಿ ಇನ್ನೊಂದು ಆಡಿಲ್ಲ.

ಅಂದೇ ಸಂಜೆ ಮಂಡಕಳ್ಳಿಗೆ, ಅಕ್ಕನ ಮನೆಗೆ ಓಡಿದೆ. ಗೋಡೆಗೆ ಒರಗಿ, ಒಂದು ಕಾಲು ಚಾಚಿ ಕೂತಿದ್ದರು. ಆ ವಿಡಿಯೋ ತೋರಿಸಿದೆ. ನಗುತ್ತಾರೆ ಅಂದುಕೊಂಡಿದ್ದೆ... ಕೊನೆಯವರೆಗೂ ನೋಡಿ ಫೋನನ್ನು ನನ್ನ ಕೈಗಿಟ್ಟರು.

"ಅವ್ನಿಗೂ ನೋಯ್ತು, ಸರಿ. ನಾನು ಮನೇಲಿ ಬಿದ್ದೆ ಅಂತ ಬರ್ದಿರೋ ಆ ಪೇಪರು? ಅದನ್ನೇನ್ ಮಾಡ್ದವ್ವ?"

ಆ ಕಾಗದದ ಸುದ್ದಿಯನ್ನು ಅಕ್ಕ ಅಷ್ಟು ವರ್ಷದಲ್ಲಿ ಒಮ್ಮೆಯೂ ಎತ್ತಿರಲಿಲ್ಲ. ನಾನು ಎದ್ದು ಬಂದೆ. ಆ ಸುಳ್ಳನ್ನು ಒಪ್ಪಿಕೊಳ್ಳುವ ಧೈರ್ಯ ಮಾಡಲು ಏಳು ತಿಂಗಳು ಬೇಕಾಯಿತು. ಅಷ್ಟರಲ್ಲಿ ಅಕ್ಕ ಹೋಗಿಬಿಟ್ಟಿದ್ದರು.

ಈಗ ನಡೆದದ್ದನ್ನೆಲ್ಲ ಬರೆದು ಕಾರ್ಮಿಕ ಇಲಾಖೆಗೆ ಕೊಟ್ಟಿದ್ದೇನೆ. ಮುಂದಿನ ವಾರ ವಿಚಾರಣೆ. ಆ ಸುಳ್ಳು ಸಹಿ ನನ್ನದೇ ಎಂದು ಆತನ ಎದುರಿಗೇ ಹೇಳಬೇಕು. ನನ್ನ ಕೆಲಸವೂ ಹೋಗಬಹುದು, ಹೋಗಲಿ. ಆತ ನನ್ನ ಮುಖ ನೋಡಿಕೊಂಡು ಅಷ್ಟನ್ನೂ ಕೇಳಬೇಕು. ಕೇಳಲೇಬೇಕಾಗಿದ್ದ ಅಕ್ಕ ಮಾತ್ರ ಅಲ್ಲಿರುವುದಿಲ್ಲ.