ಸೈಕಲ್ ತುಳ್ಕೊಂಡು ಬನ್ನಿ

‘ಸೈಕಲ್ ಎಲ್ಲೈತೆ?’ ಎಂದರು ಬಾಣಾವರದ ಸೈಕಲ್ ಶಾಪಿನ ಅಜ್ಜ. ಅಪ್ಪನ ಹಳೆಯ ಸೈಕಲ್ಲಿಗೆ ಡೈನಮೊ ಹುಡುಕಿಕೊಂಡು ನಾನು ಅರಸೀಕೆರೆಯಿಂದ ಬಸ್ಸಿನಲ್ಲಿ ಹೋಗಿದ್ದೆ. ಅವರ ಹಿಂದಿದ್ದ ತಗಡಿನ ಡಬ್ಬದಲ್ಲೇ ಒಂದು ಕಾಣುತ್ತಿತ್ತು. ಕೇಳಿದಷ್ಟು ಕೊಡುತ್ತೇನೆಂದರೂ ಅಜ್ಜ ಅದನ್ನು ಮುಟ್ಟಲು ಬಿಡಲಿಲ್ಲ.

‘ಕಾರಲ್ಲಿ ಬಂದು ಹಳೇ ಸಾಮಾನ್ನೆಲ್ಲ ಚೀಲದಲ್ಲಿ ತುಂಬ್ಕೊಂಡು ಹೋಗ್ತಾರೆ. ರೆಸಾರ್ಟ್ ಗೋಡೆಗೆ ನೇತಾಕೋರಿಗೆ ಹತ್ತರಷ್ಟಕ್ಕೆ ಮಾರ್ತಾರೆ. ತುಳಿಯೋರಿಗೆ ಒಂದು ಬೆಲ್ಲೂ ಸಿಗಾಕಿಲ್ಲ. ನೀವು ಸೈಕಲ್ ತುಳ್ಕೊಂಡು ಬನ್ನಿ, ನಾನೇ ಕೂರಿಸಿ ಕೊಡ್ತೀನಿ.’

ಮುಂದಿನ ಭಾನುವಾರ ಬೆಳಿಗ್ಗೆ ಬೆವರಿಳಿಸುತ್ತ ಅಷ್ಟು ದೂರ ತುಳಿದೆ. ಅಜ್ಜ ಟೈರಿನ ಧೂಳನ್ನೊಮ್ಮೆ ನೋಡಿದರು, ಡೈನಮೊ ಕೂರಿಸಿದರು. ಹಿಂದಿನ ಚಕ್ರ ಎತ್ತಿ ಪೆಡಲ್ ತಿರುಗಿಸಿದಾಗ ಗುಂಯ್ ಎಂಬ ಸದ್ದು ಎದ್ದು ದೀಪ ಹೊತ್ತಿತು. ಚಿಕ್ಕಂದಿನಲ್ಲಿ ಸಂಜೆ ಬೀದಿ ತಿರುವಿನಲ್ಲಿ ಅಪ್ಪನ ಸೈಕಲ್ಲಿನ ಆ ಸದ್ದು ಕೇಳಿದೊಡನೆ ನಾವು ಮಕ್ಕಳೆಲ್ಲ ಆಟ ಬಿಟ್ಟು ಪುಸ್ತಕ ಹಿಡಿಯುತ್ತಿದ್ದೆವು. ಈ ವಯಸ್ಸಿನಲ್ಲೂ ನಾನು ನೆಟ್ಟಗೆ ನಿಂತುಬಿಟ್ಟೆ.

ರಿಪೇರಿಯಾದ ಸೈಕಲ್ಲನ್ನು ಅಂದಕ್ಕೆಂದು ನೇತುಹಾಕಲು ನಮ್ಮ ನಡುಮನೆಯ ಗೋಡೆಗೂ ಎರಡು ಕೊಕ್ಕೆ ಹೊಡೆಸಿದ್ದೆ. ಅದನ್ನು ಅಜ್ಜನಿಗೆ ಹೇಳಲು ಬಾಯಿ ಬರಲಿಲ್ಲ. ಈಗ ಆ ಕೊಕ್ಕೆಗಳಲ್ಲಿ ಛತ್ರಿ, ತರಕಾರಿ ಚೀಲ ನೇತಾಡುತ್ತಿವೆ.